ಹೂಳೆತ್ತುವ ಮೊದಲು ಓದಬೇಕಾದ ಕಡತ: ಕುಮಟಾದ ಒಂದು ತರಬೇತಿ ಶಿಬಿರದ ವಿಮರ್ಶೆ

ಬಂದರು, ಧಕ್ಕೆ (ಜೆಟ್ಟಿ), ಅಲೆತಡೆಗೋಡೆ, ಹೂಳೆತ್ತುವಿಕೆ ಮತ್ತು ಒಳನಾಡು ಜಲಮಾರ್ಗದ ಕಾಮಗಾರಿಗಳಿಗೆ ಅನ್ವಯಿಸುವ ಪರಿಸರ ಪರಿಣಾಮ ಅಂದಾಜಿನ, ಅಂದರೆ ಕಾಮಗಾರಿಯಿಂದ ಪರಿಸರಕ್ಕೆ ಏನಾಗಬಹುದೆಂದು ಮೊದಲೇ ಅಧ್ಯಯನ ಮಾಡುವ, ನಿಯಮಗಳನ್ನು ಕಾನೂನು ಓದದವರಿಗೂ ತಿಳಿಯುವಂತೆ ಹೇಳಿಕೊಡುವುದಾಗಿ ಪ್ರಕಟಿಸಿದ್ದ ಎರಡು ದಿನಗಳ ಶಿಬಿರವೊಂದು ಕುಮಟಾದಲ್ಲಿ ನಡೆಯಿತು. ತಲಾ 1,500 ರೂಪಾಯಿ ಶುಲ್ಕದಲ್ಲಿ ಪಾಠ, ಮುದ್ರಿತ ಕೈಪಿಡಿ, ಮಧ್ಯಾಹ್ನದ ಊಟ ಮತ್ತು ಎರಡನೆಯ ದಿನ ಅಘನಾಶಿನಿ ಅಳಿವೆಯಲ್ಲಿ ದೋಣಿ ಸುತ್ತಾಟ ಸೇರಿದ್ದವು. ಗ್ರಾಮ ಪಂಚಾಯಿತಿ ಸದಸ್ಯರು, ಮೀನುಗಾರರ ಸಹಕಾರಿ ಸಂಘದವರು, ಪದವಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು, ಬಳಚು (ಚಿಪ್ಪುಮೀನು) ಆರಿಸುವ ಮಹಿಳೆಯರು ಮತ್ತು ಗುತ್ತಿಗೆದಾರರೊಬ್ಬರ ಬಳಿ ಕೆಲಸ ಮಾಡುವ ಯುವ ಎಂಜಿನಿಯರ್ ಒಬ್ಬರು ಒಂದೇ ಕೋಣೆಯಲ್ಲಿ ಕುಳಿತಿದ್ದುದೇ ಈ ಶಿಬಿರದ ಮೊದಲ ಗುಣ. ನಡೆಸಿದ ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಂಥ ಶಿಬಿರ ಯಾರೇ ನಡೆಸಲಿ, ಕಲಿಯಲು ಹೋಗುವವರು ಅಲ್ಲಿ ಏನನ್ನು ಕೇಳಿ ಪಡೆಯಬೇಕೆಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅತ್ಯಗತ್ಯವಾದ ಎರಡು ವಿಷಯಗಳನ್ನು ಶಿಬಿರ ಅರ್ಧಕ್ಕೇ ಬಿಟ್ಟಿತು.

ಮೊದಲ ದಿನದ ಬೆಳಿಗ್ಗೆ ನಿಯಮಗಳ ಚರಿತ್ರೆಗೆ ಮೀಸಲಾಗಿತ್ತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1994ರಲ್ಲಿ ಹೊರಬಂದ ಮೊದಲ ಅಧಿಸೂಚನೆ, ಅದರ ಸ್ಥಾನದಲ್ಲಿ 2006ರ ಸೆಪ್ಟೆಂಬರ್ 14ರಂದು ಬಂದು ಅನೇಕ ತಿದ್ದುಪಡಿಗಳೊಂದಿಗೆ ಇಂದಿಗೂ ಜಾರಿಯಲ್ಲಿರುವ ಅಧಿಸೂಚನೆ, ಅದರಲ್ಲಿನ ಯೋಜನೆಯ ವಿಂಗಡಣೆ, ಅಧ್ಯಯನದ ವ್ಯಾಪ್ತಿ ನಿರ್ಣಯ, ಅಹವಾಲು ಸಭೆಯನ್ನೊಳಗೊಂಡ ಸಾರ್ವಜನಿಕ ಸಮಾಲೋಚನೆ ಮತ್ತು ಪರಿಶೀಲನೆ ಎಂಬ ನಾಲ್ಕು ಹಂತಗಳು, ಇವೆಲ್ಲವನ್ನೂ ಬೋಧಕರು ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಿದರು. ಇಷ್ಟು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಆದರೆ ಅದಾದ ಬಳಿಕ ಅವರು ಪ್ರತಿಯೊಬ್ಬರ ಕೈಗೂ ಒಂದೊಂದು ಕಾಲ್ಪನಿಕ ಕಾಮಗಾರಿಯ ಚೀಟಿ ಕೊಟ್ಟು, ಅದು ಯಾವ ವರ್ಗಕ್ಕೆ ಸೇರುತ್ತದೆ, ಅರ್ಜಿ ದೆಹಲಿಗೆ ಹೋಗಬೇಕೋ ಬೆಂಗಳೂರಿಗೆ ಹೋಗಬೇಕೋ ಎಂದು ನಿರ್ಧರಿಸಲು ಹೇಳಿದ ರೀತಿ ಮೆಚ್ಚುವಂಥದ್ದು. ಎ ವರ್ಗವಾದರೆ ಕೇಂದ್ರ ಪರಿಸರ ಸಚಿವಾಲಯ, ಬಿ ವರ್ಗವಾದರೆ ರಾಜ್ಯಮಟ್ಟದ ಪ್ರಾಧಿಕಾರ ಎಂಬ ಒಣ ವಾಕ್ಯವು ಚೀಟಿಯಲ್ಲಿದ್ದ ಟನ್ನಿನ ಲೆಕ್ಕ ನೋಡಿ ತಲೆ ಕೆರೆದುಕೊಂಡಾಗಷ್ಟೇ ಮನಸ್ಸಿನಲ್ಲಿ ನಿಲ್ಲುತ್ತದೆ.

ಅಧಿಸೂಚನೆಯ ಅನುಸೂಚಿಯಲ್ಲಿ ಬಂದರು, ಮೀನುಗಾರಿಕಾ ಬಂದರು, ಅಲೆತಡೆಗೋಡೆ ಮತ್ತು ಹೂಳೆತ್ತುವಿಕೆಗಳು 7(ಇ) ಎಂಬ ಒಂದೇ ಬಾಬಿನಡಿ ಬರುತ್ತವೆ. ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಸರಕು ನಿರ್ವಹಿಸುವ ಬಂದರು ಎ ವರ್ಗ. ಅದಕ್ಕಿಂತ ಕಡಿಮೆ ಸಾಮರ್ಥ್ಯದ್ದು, ಮತ್ತು ವರ್ಷಕ್ಕೆ 10,000 ಟನ್ ಅಥವಾ ಹೆಚ್ಚು ಮೀನು ನಿರ್ವಹಿಸುವ ಬಂದರು ಬಿ ವರ್ಗ. ನನಗೆ ಬಂದ ಚೀಟಿಯಲ್ಲಿ ಮಾಜಾಳಿಯ ಕಡಲಂಚಿನಲ್ಲಿ ಮಧ್ಯಮ ಗಾತ್ರದ ಮೀನುಗಾರಿಕಾ ಬಂದರು ಎಂದಿತ್ತು. ಟನ್ನಿನ ಲೆಕ್ಕದಲ್ಲಿ ಅದು ಬಿ ವರ್ಗವೇ. ಆದರೆ ಅಂತರರಾಜ್ಯ ಗಡಿಯಿಂದ 5 ಕಿಲೋಮೀಟರ್ ಒಳಗಿರುವ ಬಿ ವರ್ಗದ ಯೋಜನೆಯನ್ನು ಎ ವರ್ಗವೆಂದೇ ಪರಿಗಣಿಸಬೇಕೆಂಬ ಸಾಮಾನ್ಯ ಷರತ್ತು ಇರುವುದರಿಂದ, ಗೋವಾ ಗಡಿಗೆ ಅಂಟಿಕೊಂಡ ಆ ಊರಿನ ಬಂದರಿನ ಕಡತ ದೆಹಲಿಗೇ ಹೋಗಬೇಕಾಗುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಂಥ ಸಂರಕ್ಷಿತ ಪ್ರದೇಶಗಳ ಸಮೀಪಕ್ಕೂ ಇದೇ ಷರತ್ತು ಅನ್ವಯವಾಗುತ್ತದೆ. ಮೊದಲು 10 ಕಿಲೋಮೀಟರ್ ಇದ್ದ ಈ ಅಂತರವನ್ನು 2014ರಲ್ಲಿ 5ಕ್ಕೆ ಇಳಿಸಲಾಯಿತೆಂಬುದನ್ನೂ ಬೋಧಕರು ಹೇಳಿದರು. ಇಳಿಸಿದ್ದರಿಂದ ನಮ್ಮ ಜಿಲ್ಲೆಯ ಯಾವ ಯಾವ ಊರುಗಳು ಆ ವರ್ತುಲದಿಂದ ಹೊರಬಿದ್ದವು ಎಂದು ನಕ್ಷೆಯ ಮೇಲೆ ತೋರಿಸಿದ್ದರೆ ಪಾಠ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಇಡೀ ಶಿಬಿರದಲ್ಲಿ ಅತ್ಯಂತ ಉಪಯುಕ್ತವಾದದ್ದು ಹೂಳೆತ್ತುವಿಕೆಯ ಕುರಿತ ಪಾಠ. ಹೊಳೆ ಮತ್ತು ಅಳಿವೆಗಳಲ್ಲಿ ನಡೆಯುವ ಈ ಕೆಲಸವನ್ನು ನಿಯಮವು ಎರಡಾಗಿ ವಿಂಗಡಿಸುತ್ತದೆ. ಇಲ್ಲಿಯವರೆಗೆ ಇಲ್ಲದ ಆಳವನ್ನು ಹೊಸದಾಗಿ ತೆಗೆಯುವುದು ಕ್ಯಾಪಿಟಲ್ ಡ್ರೆಜಿಂಗ್. ಒಮ್ಮೆ ತೆಗೆದ ಆಳದಲ್ಲಿ ಮತ್ತೆ ತುಂಬಿಕೊಂಡ ಹೂಳನ್ನು ತೆಗೆಯುವುದು ನಿರ್ವಹಣಾ ಡ್ರೆಜಿಂಗ್. ಬಂದರಿನ ಒಳಗೆ, ಹೊರಗೆ ಮತ್ತು ಕಾಲುವೆಗಳಲ್ಲಿ ನಡೆಯುವ ಮೊದಲನೆಯದಕ್ಕೆ ಪರಿಸರ ಅನುಮತಿ ಬೇಕು. ಎರಡನೆಯದಕ್ಕೆ ವಿನಾಯಿತಿ ಇದೆ, ಆದರೆ ಆ ವಿನಾಯಿತಿಗೆ ಒಂದು ಷರತ್ತು ಅಂಟಿಕೊಂಡಿದೆ: ಮೂಲ ಪ್ರಸ್ತಾವದಲ್ಲೇ ನಿರ್ವಹಣಾ ಡ್ರೆಜಿಂಗ್ ಸೇರಿರಬೇಕು, ಅದಕ್ಕೆ ಪರಿಸರ ನಿರ್ವಹಣಾ ಯೋಜನೆ ಸಿದ್ಧವಾಗಿರಬೇಕು, ಅನುಮತಿಯೂ ದೊರೆತಿರಬೇಕು. ಆದ್ದರಿಂದ ಯಾರಾದರೂ ಯಂತ್ರ ತಂದು ನಿಲ್ಲಿಸಿ ‘ಇದು ಬರೀ ಹೂಳು ತೆಗೆಯುವ ಕೆಲಸ, ಯಾವ ಅನುಮತಿಯೂ ಬೇಡ’ ಎಂದರೆ, ಮರುಪ್ರಶ್ನೆಯಾಗಿ ಮೂಲ ಅನುಮತಿಯ ಪ್ರತಿಯನ್ನೂ ಅದರಲ್ಲಿ ನಮೂದಾಗಿರುವ ಆಳವನ್ನೂ ಕೇಳಬೇಕು. ಪಂಚಾಯಿತಿ ಸದಸ್ಯರ ಕೈಗೆ ಇಂಥ ಒಂದು ಪ್ರಶ್ನೆ ಸಿಕ್ಕಿದರೂ ಶುಲ್ಕದ ಅರ್ಧ ಹಣ ವಸೂಲಾದಂತೆಯೇ ಸರಿ.

ಹೂಳನ್ನು ಎತ್ತುವ ಯಂತ್ರಗಳ ಬಗ್ಗೆಯೂ ಪಾಠವಿತ್ತು. ತಳವನ್ನು ಕತ್ತರಿಸಿ ಪಂಪಿನಿಂದ ಹೀರಿ ಕೊಳವೆಯಲ್ಲಿ ಸಾಗಿಸುವ ಯಂತ್ರ, ಚಲಿಸುತ್ತಲೇ ಹೀರಿ ತನ್ನ ಹೊಟ್ಟೆಯಲ್ಲಿ ತುಂಬಿಕೊಂಡು ದೂರ ಒಯ್ದು ಸುರಿಯುವ ಹಡಗು, ದವಡೆಯಂಥ ಬಕೆಟ್ಟಿನಲ್ಲಿ ಬಾಚುವ ಯಂತ್ರ, ಇವು ಪ್ರತಿಯೊಂದೂ ನೀರನ್ನು ಬೇರೆ ಬೇರೆ ಪ್ರಮಾಣದಲ್ಲಿ ಕದಡುತ್ತವೆ. ಕದಡಿದ ಸೂಕ್ಷ್ಮ ಮಣ್ಣು ಉಬ್ಬರದ ಜೊತೆ ಮೇಲಕ್ಕೂ ಇಳಿತದ ಜೊತೆ ಕೆಳಕ್ಕೂ ಸಾಗಿ, ಕಾಮಗಾರಿ ನಡೆಯದ ಜಾಗದ ಚಿಪ್ಪುಮೀನಿನ ಹಾಸಿನ ಮೇಲೆ ಕುಳಿತುಕೊಳ್ಳುತ್ತದೆ. ಮೀನಾದರೆ ಈಜಿ ಪಾರಾಗಬಹುದು. ಬಳಚು ಎಲ್ಲಿಗೆ ಹೋದೀತು? ಆದ್ದರಿಂದ ವರದಿಯಲ್ಲಿ ಎಷ್ಟು ಘನ ಮೀಟರ್ ಹೂಳು ಎಂಬ ಅಂಕಿ ಮಾತ್ರ ಸಾಲದು. ಯಾವ ಯಂತ್ರ, ಯಾವ ತಿಂಗಳು, ಭರತದಲ್ಲೋ ಇಳಿತದಲ್ಲೋ, ಎತ್ತಿದ್ದನ್ನು ಎಲ್ಲಿ ಸುರಿಯುವುದು, ಸುರಿದದ್ದು ಮರಳಿ ಬರುವುದಿಲ್ಲವೆಂಬುದಕ್ಕೆ ಯಾವ ಲೆಕ್ಕಾಚಾರ ಎಂಬ ಪ್ರಶ್ನೆಗಳಿಗೂ ಉತ್ತರವಿರಬೇಕು. ಇದನ್ನು ಬೋಧಿಸಿದವರು ನಿವೃತ್ತ ಪ್ರಾಧ್ಯಾಪಕರು. ಮೈಕಿನ ಹಂಗಿಲ್ಲದೆ, ಯಾವ ಚಿತ್ರಪ್ರದರ್ಶನವೂ ಇಲ್ಲದೆ ಅವರು ಮಾತಾಡಿದ ಹೊತ್ತಿನಲ್ಲಿ ಕೋಣೆಯಲ್ಲಿ ಒಬ್ಬರೂ ಮೊಬೈಲು ತೆಗೆಯಲಿಲ್ಲ.

ನನ್ನ ಮೊದಲ ಅಸಮಾಧಾನ ಒಳನಾಡು ಜಲಮಾರ್ಗದ ಪಾಠದ ಬಗ್ಗೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯು ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಘೋಷಿಸಿತು. ನಮ್ಮ ಜಿಲ್ಲೆಯ ಕಾಳಿ ಹೊಳೆ ಆ ಪಟ್ಟಿಯಲ್ಲಿ 52ನೆಯದು, ಶರಾವತಿ 90ನೆಯದು. ಹೀಗಿದ್ದೂ ಈ ಭಾಗವನ್ನು ಊಟಕ್ಕೆ ಮುಂಚಿನ ಕಾಲು ಗಂಟೆಯಲ್ಲಿ ಮುಗಿಸಲಾಯಿತು. ಕಾಯ್ದೆಯ ಹೆಸರು ಹೇಳಿ, ಪಟ್ಟಿ ತೋರಿಸಿ, ಮುಂದಕ್ಕೆ ಹೋದರು. ಕಾರವಾರದಿಂದ ಬಂದಿದ್ದ ಸಹಕಾರಿ ಸಂಘದ ಸದಸ್ಯರೊಬ್ಬರು ‘ಸರ್, ನಮ್ ಕಾಳಿ ಹೊಳೆಗೆ ಬಾರ್ಜ್ ಬಿಡ್ಬೇಕಂದ್ರೆ ಅಹವಾಲು ಸಭೆ ಆಗ್ತದ್ಯೋ ಇಲ್ವೋ?’ ಎಂದು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ‘ಅದು ಯೋಜನೆಯನ್ನು ಅವಲಂಬಿಸಿರುತ್ತದೆ’ ಎಂಬುದಷ್ಟೇ.

ಈ ಪ್ರಶ್ನೆಗೆ ಹೇಳಬಹುದಾದದ್ದು ಬಹಳಷ್ಟಿತ್ತು. 2006ರ ಅನುಸೂಚಿಯಲ್ಲಿ ಒಳನಾಡು ಜಲಮಾರ್ಗ ಎಂಬ ಪ್ರತ್ಯೇಕ ಬಾಬೇ ಇಲ್ಲ. ಧಕ್ಕೆ, ಟರ್ಮಿನಲ್, ಹೂಳೆತ್ತುವಿಕೆಗಳನ್ನು 7(ಇ) ಬಾಬಿನೊಳಗೆ ತರಬಹುದೇ ಎಂಬುದರ ಸುತ್ತಲೇ ಗಂಗಾ ನದಿಯ ಮೊದಲನೆಯ ರಾಷ್ಟ್ರೀಯ ಜಲಮಾರ್ಗದ ವಿಷಯದಲ್ಲಿ ವಾದ-ವಿವಾದ ನಡೆದು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ವಾರಾಣಸಿಯಿಂದ ಹಲ್ದಿಯಾವರೆಗಿನ ಆ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ಬಂದಿದ್ದರಿಂದ, ಸಾಲ ಕೊಡುವವರ ನಿಯಮದಂತೆ ಅಲ್ಲಿ ಪರಿಣಾಮ ಅಂದಾಜು ವರದಿ ಸಿದ್ಧವಾಯಿತು. ಅಂಥ ಸಾಲವಿಲ್ಲದ ಹೊಳೆಗೆ ಆ ಒತ್ತಾಯವೂ ಇರುವುದಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹೊಸ ಅಧಿಸೂಚನೆಯ ಕರಡಿನಲ್ಲಿ ಒಳನಾಡು ಜಲಮಾರ್ಗಗಳನ್ನು ಹೆಸರಿಟ್ಟು ಸೇರಿಸಲಾಯಿತಾದರೂ, ಸೇರಿಸಿದ್ದು ಬಿ2 ವರ್ಗಕ್ಕೆ. ಬಿ2 ಎಂದರೆ ಸಾರ್ವಜನಿಕ ಸಮಾಲೋಚನೆ ಅಗತ್ಯವಿಲ್ಲದ ವರ್ಗ. ಆ ಕರಡು ವ್ಯಾಪಕ ವಿರೋಧ ಎದುರಿಸಿತು. ಅದನ್ನು ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಕರಡು ಅಂತಿಮ ಅಧಿಸೂಚನೆಯಾಗಲಿಲ್ಲ. ಹಾಗಾಗಿ ಕಾಳಿ ಅಥವಾ ಶರಾವತಿಯಲ್ಲಿ ಜಲಮಾರ್ಗದ ಹೆಸರಿನಲ್ಲಿ ಕೆಲಸ ಶುರುವಾಗುವುದಾದರೆ ಕಾಮಗಾರಿಯನ್ನು ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ: ಹೊಸ ಆಳ ತೆಗೆಯುತ್ತಾರೆಯೇ, ಟರ್ಮಿನಲ್ಲಿನ ಸರಕು ಸಾಮರ್ಥ್ಯವೆಷ್ಟು, ಉಬ್ಬರದ ನೀರು ತಲುಪುವ ಭಾಗದಲ್ಲಿ ಕಟ್ಟುತ್ತಾರೆಯೇ ಎಂದು. ಇಷ್ಟನ್ನು ಹೇಳಲು ಹತ್ತು ನಿಮಿಷ ಹೆಚ್ಚು ಸಾಕಾಗುತ್ತಿತ್ತು. ಕಾಳಿ ಮತ್ತು ಶರಾವತಿಯ ದಡದವರೇ ಎದುರು ಕುಳಿತಿದ್ದಾಗ ಆ ಹತ್ತು ನಿಮಿಷ ಸಿಗದಿದ್ದುದು ಸಣ್ಣ ಲೋಪವಲ್ಲ.

ಕರಾವಳಿ ನಿಯಂತ್ರಣ ವಲಯದ ಪಾಠ ಇದಕ್ಕೆ ಹೋಲಿಸಿದರೆ ಅಚ್ಚುಕಟ್ಟಾಗಿತ್ತು. 2011ರ ಅಧಿಸೂಚನೆಯಲ್ಲಿ ಉಬ್ಬರದ ಪ್ರಭಾವವಿರುವ ಹೊಳೆಯ ದಡದಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆಯದ್ದು ನಿಯಂತ್ರಣಕ್ಕೊಳಪಡುತ್ತಿತ್ತು. 2019ರ ಅಧಿಸೂಚನೆ ಆ 100 ಮೀಟರನ್ನು 50ಕ್ಕೆ ಇಳಿಸಿತು. ಉಬ್ಬರದ ಪ್ರಭಾವ ಎಲ್ಲಿಯವರೆಗೆ ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸುವುದಲ್ಲ. ವರ್ಷದ ಅತ್ಯಂತ ಒಣ ಕಾಲದಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವ ಸ್ಥಳದವರೆಗೆ ಎಂದು ನಿಯಮವೇ ಹೇಳುತ್ತದೆ. ಈ ಒಂದು ಅಂಕಿಯಿಂದ ನಮ್ಮ ಎರಡು ಹೊಳೆಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬೇಸಿಗೆಯಲ್ಲಿ ಸಿಹಿನೀರು ಕ್ಷೀಣಿಸಿ ಉಪ್ಪು ಬಹುದೂರ ಒಳಗೆ ಬರುತ್ತದೆ. ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸಿದ ನೀರು ಗೇರುಸೊಪ್ಪೆಯಿಂದ ಬೇಸಿಗೆಯಲ್ಲೂ ಹರಿದುಬರುವುದರಿಂದ ಉಪ್ಪು ಅಷ್ಟು ಏರುವುದಿಲ್ಲ. ಅಂದರೆ ಒಂದೇ ನಿಯಮ, ಪಕ್ಕಪಕ್ಕದ ಎರಡು ಹೊಳೆ, ಆದರೆ ವಲಯದ ಉದ್ದ ಬೇರೆ ಬೇರೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು 1,000 ಚದರ ಮೀಟರಿಗಿಂತ ಹೆಚ್ಚಿದ್ದರೆ ಅದರ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಬಿಡಬೇಕೆಂಬುದು, ಕಡಲಾಮೆ ಮೊಟ್ಟೆಯಿಡುವ ಜಾಗ ಅತ್ಯಂತ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆಂಬುದು, ಅಧಿಕೃತ ಸಂಸ್ಥೆ ಸಿದ್ಧಪಡಿಸಿದ 1:4000 ಅಳತೆಯ ನಕ್ಷೆಯ ಮೇಲೆ ಕಾಮಗಾರಿಯ ವಿನ್ಯಾಸವನ್ನು ಕೂರಿಸಿ ತೋರಿಸಬೇಕೆಂಬುದು, ಇವುಗಳನ್ನೂ ಒಂದು ಮಾದರಿ ನಕ್ಷೆ ಹಾಸಿ ಕಲಿಸಿದರು. ಹೊನ್ನಾವರದ ಕಾಸರಕೋಡು ಟೊಂಕದವರು ಆ ನಕ್ಷೆಯ ಮೇಲೆ ಬಾಗಿದ್ದು ಬಹಳ ಹೊತ್ತಿನವರೆಗೆ ಏಳಲಿಲ್ಲ. ತಮ್ಮೂರಿನ ಬಂದರು ವಿವಾದವನ್ನು ಬಲ್ಲ ಅವರಿಗೆ ಗೆರೆ ಎಲ್ಲಿ ಎಳೆಯಲಾಗಿದೆ ಎಂಬುದರ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಿಗೆ ಸಿಗುವ ರಾಮ್ಸರ್ ಪಟ್ಟದ ಬಗ್ಗೆ ಇದ್ದ ಒಂದು ತಪ್ಪು ತಿಳಿವಳಿಕೆಯನ್ನೂ ಶಿಬಿರ ನಿವಾರಿಸಿತು. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ರಾಮ್ಸರ್ ತಾಣವೆಂದು ಘೋಷಣೆಯಾದ ಮೇಲೆ ಅಲ್ಲಿ ಯಾವ ಕಾಮಗಾರಿಯೂ ಬರಲಾರದೆಂದು ಅನೇಕರು ನಂಬಿದ್ದಾರೆ. ಆದರೆ 2017ರ ಜೌಗುಭೂಮಿ ನಿಯಮಗಳು ಕರಾವಳಿ ನಿಯಂತ್ರಣ ವಲಯದೊಳಗಿನ ಜೌಗುಭೂಮಿಗೆ ಅನ್ವಯಿಸುವುದಿಲ್ಲವೆಂದು ತಾವೇ ಹೇಳುತ್ತವೆ. ಆದ್ದರಿಂದ ಅಳಿವೆಯ ರಕ್ಷಣೆಯ ಭಾರ ಬಹುಮಟ್ಟಿಗೆ ಕರಾವಳಿ ಅಧಿಸೂಚನೆಯ ಮೇಲೆ ಮತ್ತು ಪರಿಣಾಮ ಅಂದಾಜಿನ ವರದಿಯ ಗುಣಮಟ್ಟದ ಮೇಲೆಯೇ ಬೀಳುತ್ತದೆ. ಇದನ್ನು ಕೇಳಿ ಕೆಲವರ ಮುಖ ಸಪ್ಪಗಾಯಿತು. ಆದರೂ ಹೇಳಬೇಕಾದ ಮಾತೇ ಅದು.

ಎರಡನೆಯ ದಿನ ಅಳಿವೆಯ ಮೇಲೆ ನಡೆದ ಪಾಠದಲ್ಲಿ ಇಡೀ ವಿಷಯದ ತಿರುಳು ಸಿಕ್ಕಿತು. ಕಾಮಗಾರಿಗೆ ಮುಂಚಿನ ಸ್ಥಿತಿಯನ್ನು ದಾಖಲಿಸುವ ಮೂಲಸ್ಥಿತಿ ಮಾಹಿತಿಯನ್ನು ಸಾಮಾನ್ಯವಾಗಿ ಒಂದು ಋತುವಿನಲ್ಲಿ, ಅದೂ ಮಳೆಗಾಲ ಬಿಟ್ಟು ಉಳಿದ ಋತುವಿನಲ್ಲಿ ಸಂಗ್ರಹಿಸಿದರೆ ಸಾಕೆಂಬ ಪದ್ಧತಿಯಿದೆ. ಗಾಳಿಯ ಧೂಳು ಅಳೆಯುವ ಕಾರ್ಖಾನೆಯ ಯೋಜನೆಗಾದರೆ ಇದಕ್ಕೊಂದು ಅರ್ಥವಿದೆ, ಏಕೆಂದರೆ ಮಳೆ ಧೂಳನ್ನು ತೊಳೆದುಬಿಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ನಮ್ಮ ಕರಾವಳಿಯ ಅಳಿವೆಗೆ ಇದೇ ಪದ್ಧತಿಯನ್ನು ಅನ್ವಯಿಸಿದರೆ, ಹೊಳೆ ತನ್ನ ನಿಜರೂಪ ತೋರಿಸುವ ನಾಲ್ಕು ತಿಂಗಳೇ ವರದಿಯಿಂದ ಮಾಯವಾಗುತ್ತವೆ. ಅಳಿವೆಯ ಬಾಯಿಯ ಮರಳುದಿಬ್ಬ ಸರಿಯುವುದು ಆಗ; ಘಟ್ಟದ ಮಣ್ಣು ಇಳಿದುಬರುವುದು ಆಗ; ನೀರು ಪೂರ್ತಿ ಸಿಹಿಯಾಗಿ ಅಳಿವೆಯ ಜೀವಿಗಳ ಪಟ್ಟಿಯೇ ಬದಲಾಗುವುದು ಆಗ; ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳ ಉಪ್ಪು ತೊಳೆದುಹೋಗಿ, ಉಪ್ಪು ತಾಳುವ ಕಗ್ಗ ಭತ್ತ ಚಿಗುರುವುದು ಆಗ. ಜೂನ್ ಮತ್ತು ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಹೊಳೆಯನ್ನೇ ನಂಬಿ ಪಾತಿ ದೋಣಿಯಲ್ಲಿ ಬೀಸು ಬಲೆ ಹಾಕುವವರ ಲೆಕ್ಕವೂ ಬೇಸಿಗೆಯ ಸಮೀಕ್ಷೆಯಲ್ಲಿ ಸಿಗುವುದಿಲ್ಲ. ಮಾಸೂರಿನ ಕಡೆಯ, ಬಳಚು ಆರಿಸುವ ಮಹಿಳೆಯೊಬ್ಬರು ದೋಣಿಯಲ್ಲೇ ಕೇಳಿದರು: ‘ಮಳ್ಗಾಲದ ಹೊಳೆ ನೋಡ್ದೇ ಇದ್ರೆ ಎಂತಾ ನೋಡ್ದಂಗಾಯ್ತು, ಸರ್?’ ಪ್ರಾಧ್ಯಾಪಕರು ಅದಕ್ಕೆ ಉತ್ತರ ಹೇಳುವ ಬದಲು, ಆ ಪ್ರಶ್ನೆಯನ್ನೇ ಬರೆದುಕೊಳ್ಳುವಂತೆ ಎಲ್ಲರಿಗೂ ಹೇಳಿದರು.

ಹೀಗೆ ಬರೆದುಕೊಂಡದ್ದನ್ನು ಎಲ್ಲಿ ಉಪಯೋಗಿಸಬೇಕು ಎಂಬುದೂ ತಿಳಿಯಿತು. ವರದಿ ಸಿದ್ಧವಾದ ಮೇಲೆ ಆಕ್ಷೇಪಿಸುವುದಕ್ಕಿಂತ, ಅಧ್ಯಯನದ ವ್ಯಾಪ್ತಿ ನಿರ್ಣಯವಾಗುವ ಹಂತದಲ್ಲೇ ಮಳೆಗಾಲದ ಮಾಹಿತಿಯನ್ನೂ ಸೇರಿಸಬೇಕೆಂದು ಪರಿಶೀಲನಾ ಸಮಿತಿಗೆ ಬರೆಯುವುದು ಹೆಚ್ಚು ಫಲಕಾರಿ. ಸಮಿತಿಯು ಯೋಜನೆಗೆ ತಕ್ಕಂತೆ ಹೆಚ್ಚುವರಿ ಷರತ್ತು ವಿಧಿಸಬಲ್ಲದು. ಅರ್ಜಿಗಳು ಪರಿವೇಶ್ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಕಟವಾಗುವುದರಿಂದ, ಜಿಲ್ಲೆಯ ಹೆಸರು ಹಾಕಿ ಆಗಾಗ ಹುಡುಕುವ ಅಭ್ಯಾಸವನ್ನು ಸಂಘದಲ್ಲಿ ಒಬ್ಬರಾದರೂ ಇಟ್ಟುಕೊಳ್ಳಬೇಕು. ಇದನ್ನು ಶಿಬಿರದಲ್ಲಿ ಪ್ರತ್ಯಕ್ಷವಾಗಿ ಮಾಡಿ ತೋರಿಸಲಾಯಿತು, ಆದರೆ ಪರದೆಯ ಅಕ್ಷರ ಹಿಂದಿನ ಸಾಲಿಗೆ ಕಾಣುತ್ತಿರಲಿಲ್ಲ.

ಅಳಿವೆಯ ಬಾಯಿ ಆಳವಾದರೆ ಏನಾಗುತ್ತದೆ ಎಂಬ ವಿವರಣೆಯೂ ದೋಣಿಯಲ್ಲೇ ನಡೆಯಿತು. ಉಪ್ಪುನೀರು ಸಿಹಿನೀರಿಗಿಂತ ಭಾರವಾದ್ದರಿಂದ ತಳದಲ್ಲಿ ಬೆಣೆಯಂತೆ ಒಳನುಗ್ಗುತ್ತದೆ. ತಳ ಆಳವಾದಷ್ಟೂ ಬೆಣೆ ಹೊಳೆಯಲ್ಲಿ ಇನ್ನಷ್ಟು ಒಳನಾಡಿಗೆ ಸಾಗುತ್ತದೆ. ಹೆಗಡೆ, ಮಾಸೂರು, ಐಗಳಕೂರ್ವೆ ಕಡೆಯ ಬಾವಿಗಳಿಗೆ, ಮಾಣಿಕಟ್ಟಾ ಗಜನಿಯ ಕಟ್ಟೆ-ತೂಬುಗಳಿಗೆ ಇದರಿಂದ ಏನಾಗಬಹುದೆಂದು ವರದಿ ಲೆಕ್ಕ ಹಾಕಿರಬೇಕು. ಅಲೆತಡೆಗೋಡೆಯ ವಿಷಯದಲ್ಲಿ ಪ್ರಶ್ನೆ ಬೇರೆ: ದಡಕ್ಕೆ ಸಮಾನಾಂತರವಾಗಿ ಸಾಗುವ ಮರಳನ್ನು ಗೋಡೆ ತಡೆದಾಗ ಒಂದು ಬದಿಯಲ್ಲಿ ಮರಳು ರಾಶಿಯಾಗಿ ಇನ್ನೊಂದು ಬದಿಯಲ್ಲಿ ದಡ ಕೊರೆಯುತ್ತದೆ, ಹೀಗಾಗಿ ಗೋಡೆ ಒಂದೂರಿನಲ್ಲಿ, ಕೊರೆತ ಮತ್ತೊಂದೂರಿನಲ್ಲಿ. 2020ರ ಜನವರಿಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದ ಬಳಿ ಬಂದರು ವಿಸ್ತರಣೆಯ ಅಲೆತಡೆಗೋಡೆ ಕಾಮಗಾರಿ ಆರಂಭವಾದಾಗ ಮೀನುಗಾರರು ಬೀದಿಗಿಳಿದದ್ದನ್ನೂ, ಅಂಕೋಲಾ ಬಳಿಯ ಕೇಣಿಯ ಬಂದರು ಪ್ರಸ್ತಾವಕ್ಕೆ ಇರುವ ವಿರೋಧವನ್ನೂ ಇಲ್ಲಿ ಉದಾಹರಿಸಲಾಯಿತು. ಬೋಧಕರು ಯಾವ ಪಕ್ಷವನ್ನೂ ವಹಿಸದೆ, ಅಂಥ ವರದಿಗಳಲ್ಲಿ ಮರಳಿನ ಚಲನೆಯ ಅಧ್ಯಾಯವನ್ನು ಹೇಗೆ ಓದಬೇಕೆಂದಷ್ಟೇ ಹೇಳಿದರು. ಗುತ್ತಿಗೆದಾರರ ಕಡೆಯ ಎಂಜಿನಿಯರ್ ಕೂಡ ತಲೆಯಾಡಿಸುತ್ತ ಟಿಪ್ಪಣಿ ಮಾಡಿಕೊಂಡದ್ದು ಆ ಸಂಯಮದ ಫಲ.

ಅಣಕು ಅಹವಾಲು ಸಭೆ ಮಾತ್ರ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಒಬ್ಬರು ಜಿಲ್ಲಾಧಿಕಾರಿ, ಒಬ್ಬರು ಕಂಪನಿಯ ಪ್ರತಿನಿಧಿ, ಉಳಿದವರು ಊರವರು ಎಂದು ಪಾತ್ರ ಹಂಚಿದ ಕೂಡಲೇ ಸಭೆ ಯಕ್ಷಗಾನದ ವಾದ-ಸಂವಾದವಾಗಿ, ಚಪ್ಪಾಳೆ ಗಿಟ್ಟಿಸಿದವರೇ ಗೆದ್ದಂತಾಯಿತು. ನಿಜವಾದ ಸಭೆಯಲ್ಲಿ ಉಳಿಯುವುದು ಚಪ್ಪಾಳೆಯಲ್ಲ, ನಡಾವಳಿ. ನಿಯಮದ ಪ್ರಕಾರ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣವಾಗಬೇಕು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಬೇಕು. ಹಾಜರಾತಿಗೆ ಕನಿಷ್ಠ ಸಂಖ್ಯೆಯೇನೂ ಇಲ್ಲ, ಆದ್ದರಿಂದ ಬಹಿಷ್ಕರಿಸಿ ಮನೆಯಲ್ಲೇ ಕುಳಿತರೆ ಸಭೆ ನಡೆದಂತೆಯೇ ಲೆಕ್ಕ. ಸಭೆಗೆ ಬರಲಾಗದವರು ಲಿಖಿತವಾಗಿ ಅಭಿಪ್ರಾಯ ಸಲ್ಲಿಸಬಹುದು, ಮತ್ತು ಹೀಗೆ ಎತ್ತಿದ ಪ್ರತಿಯೊಂದು ಆಕ್ಷೇಪಕ್ಕೂ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರಿಸಬೇಕು. ಇವೆಲ್ಲ ಕೈಪಿಡಿಯಲ್ಲಿವೆ. ಆದರೆ ಮೂರು ನಿಮಿಷದಲ್ಲಿ ಪುಟಸಂಖ್ಯೆ ಸಹಿತ ಆಕ್ಷೇಪ ಮಂಡಿಸುವುದು ಹೇಗೆ, ಅದು ನಡಾವಳಿಯಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂದು ಓದುವಾಗ ಹೇಗೆ ಗಮನಿಸುವುದು ಎಂಬುದನ್ನು ಅಭ್ಯಾಸ ಮಾಡಿಸಿದ್ದರೆ ಆ ಮಧ್ಯಾಹ್ನ ಸಾರ್ಥಕವಾಗುತ್ತಿತ್ತು.

ಎರಡನೆಯ ದೊಡ್ಡ ಕೊರತೆ ಅನುಮತಿ ಸಿಕ್ಕ ನಂತರದ ಕಥೆಯದು. ಅನುಮತಿಪತ್ರದ ಷರತ್ತುಗಳ ಪಾಲನೆಯ ಬಗ್ಗೆ ಯೋಜನೆಯವರು ವರ್ಷಕ್ಕೆ ಎರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಸಲ್ಲಿಸಬೇಕು. ಅವು ಸಾರ್ವಜನಿಕ ದಾಖಲೆಗಳು. ಅನುಮತಿಯನ್ನು ಪ್ರಶ್ನಿಸುವವರು ಹಸಿರು ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಸಕಾರಣವಿದ್ದರೆ ಇನ್ನೂ 60 ದಿನಗಳವರೆಗೆ ಮಾತ್ರ ಅವಕಾಶ ಸಿಗುತ್ತದೆ. ನಮ್ಮ ಪಾಲಿಗೆ ಆ ಪೀಠ ಇರುವುದು ಚೆನ್ನೈನಲ್ಲಿ. ಈ ಕೆಲವೇ ವಾಕ್ಯಗಳಿಗಿಂತ ಹೆಚ್ಚೇನನ್ನೂ ಶಿಬಿರ ಹೇಳಲಿಲ್ಲ. ಪಾಲನಾ ವರದಿಯೊಂದನ್ನು ಮುಂದಿಟ್ಟುಕೊಂಡು, ‘ಕೆಸರು ತಡೆಯುವ ಪರದೆ ಹಾಕಲಾಗಿದೆ’ ಎಂಬ ಸಾಲನ್ನು ದಡದಲ್ಲಿ ನಿಂತು ಹೇಗೆ ತಾಳೆ ನೋಡುವುದೆಂದು ಕಲಿಸುವುದು ಕಷ್ಟವೇನಲ್ಲ. ಕಾಮಗಾರಿ ನಡೆಯುತ್ತಿರುವ ಊರಿನವರಿಗೆ ಬೇಕಾಗಿರುವುದೂ ಇದೇ. ಅವರ ಪಾಲಿಗೆ ಅಹವಾಲು ಸಭೆ ಎಂದೋ ಮುಗಿದುಹೋಗಿರುತ್ತದೆ.

ಕೈಪಿಡಿಯ ಕನ್ನಡ ಸ್ವಚ್ಛವಾಗಿದೆ, ಕೋಷ್ಟಕಗಳು ಚೆನ್ನಾಗಿವೆ, ವಿಷಯಸೂಚಿ ಇಲ್ಲ, ನಕ್ಷೆಗಳು ಕಪ್ಪು-ಬಿಳುಪಿನಲ್ಲಿ ಅಚ್ಚಾಗಿ ವಲಯಗಳ ಬಣ್ಣಭೇದವೇ ತಿಳಿಯುವುದಿಲ್ಲ. ಸಂಸ್ಥೆಯವರು ಕೇಳಿದಾಗ ಬಣ್ಣದ ಪ್ರತಿಯನ್ನು ಮೊಬೈಲಿಗೆ ಕಳಿಸಿಕೊಟ್ಟರು; ಕೇಳದವರಿಗೆ ಸಿಗಲಿಲ್ಲ. ಊಟ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಸಸ್ಯಾಹಾರಿಗಳಿಗೆ ತಂಬುಳಿ, ದೂರುವಂಥದ್ದೇನೂ ಇಲ್ಲ.

ಪಂಚಾಯಿತಿ ಮತ್ತು ಸಹಕಾರಿ ಸಂಘದವರು, ಬಂದರು ಅಥವಾ ಜಲಮಾರ್ಗದ ಸುದ್ದಿ ತಮ್ಮೂರಿಗೆ ಬರುವ ಮೊದಲೇ ಇಂಥ ಶಿಬಿರಕ್ಕೆ ಒಬ್ಬರನ್ನಾದರೂ ಕಳಿಸುವುದು ಒಳ್ಳೆಯದು. ಸಂಘದ ವೆಚ್ಚದಲ್ಲೇ ಕಳಿಸಿದರೂ ತಪ್ಪಿಲ್ಲ. ಈಗಾಗಲೇ ನ್ಯಾಯಾಲಯದಲ್ಲಿರುವ ಪ್ರಕರಣಕ್ಕೆ ಸಲಹೆ ಸಿಗಬಹುದೆಂದು ಹೋದರೆ ನಿರಾಶೆಯಾಗುತ್ತದೆ, ಅದಕ್ಕೆ ವಕೀಲರೇ ಬೇಕು. ಹೆಸರು ನೋಂದಾಯಿಸುವಾಗ ಎರಡು ವಿಷಯ ಕೇಳಿಕೊಳ್ಳಿ: ಒಳನಾಡು ಜಲಮಾರ್ಗಕ್ಕೆ ಎಷ್ಟು ಹೊತ್ತು ಮೀಸಲಿಟ್ಟಿದ್ದಾರೆ, ಮತ್ತು ನಿಜವಾದ ಪಾಲನಾ ವರದಿಯೊಂದನ್ನು ಓದಿಸುತ್ತಾರೆಯೇ ಎಂದು. ಹೋಗುವಾಗ ನಿಮ್ಮೂರಿನ ಹೊಳೆಯ ಕರಾವಳಿ ವಲಯ ನಿರ್ವಹಣಾ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಏಕೆಂದರೆ ಅಲ್ಲಿ ಹಾಸುವ ಮಾದರಿ ನಕ್ಷೆಯಲ್ಲಿ ನಿಮ್ಮ ಧಕ್ಕೆ ಇರುವುದಿಲ್ಲ.